ಲೂಪಿನಲ್ಲೇ ನಿಂತುಹೋದವರಿಗೆ: ಮನೆಯಲ್ಲೇ ಕಲಿತು ಎಲೆಕ್ಟ್ರಾನಿಕ್ ಟ್ರ್ಯಾಕ್ ಮುಗಿಸುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಾವೇ ಕಲಿತು ಎಲೆಕ್ಟ್ರಾನಿಕ್ ಸಂಗೀತ ಮಾಡುವವರ ಫೋಲ್ಡರ್ ತೆರೆದರೆ ಹೆಚ್ಚುಕಮ್ಮಿ ಒಂದೇ ಕಥೆ. ಎಂಟು ಬಾರ್, ಹದಿನಾರು ಬಾರಿನ ಲೂಪುಗಳು (ಮತ್ತೆ ಮತ್ತೆ ನುಡಿಯುವ ತುಣುಕುಗಳು; ಒಂದು ಬಾರ್ ಎಂದರೆ ನಾಲ್ಕು ಬೀಟ್) ಹತ್ತಾರು. ಶುರುವಿನಿಂದ ಕೊನೆಯವರೆಗೆ ಮುಗಿದ ಟ್ರ್ಯಾಕ್ ಒಂದೋ ಎರಡೋ. ಮುಗಿದದ್ದೂ ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿ, ಕಾರಿನಲ್ಲಿ ಹಾಕಿದರೆ ಬರೀ ಗುಂಯ್‌ಗುಡುತ್ತದೆ.

ಬಹುಪಾಲು ಜನ ಎಡವುವುದು ಕೆಲಸದ ಕ್ರಮದಲ್ಲಿ. ಟ್ರ್ಯಾಕಿನ ರಚನೆ ನಿಲ್ಲುವ ಮೊದಲೇ ಕಿಕ್ಕಿನ (ತಾಳದ ದಪ್ಪ ಡ್ರಮ್) ಇಕ್ಯೂ, ಅಂದರೆ ಕಂಪನಾಂಕಗಳ ಏರಿಳಿತ, ತಿದ್ದಲು ಕೂರುತ್ತಾರೆ. ಕೇಳುವ ಜಾಗ ಸರಿಯಿಲ್ಲದೆ ಬೇಸ್ (ತಗ್ಗಿನ ಸ್ವರಗಳು) ಸರಿಮಾಡಲು ಹೊರಡುತ್ತಾರೆ. ಎರಡೂ ಆಗದಿದ್ದಾಗ ಹೊಸ ಪ್ಲಗಿನ್ (ಸಂಗೀತ ಸಾಫ್ಟ್‌ವೇರಿಗೆ ಸೇರಿಸುವ ಸಲಕರಣೆ) ಇಳಿಸಿಕೊಳ್ಳುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದನ್ನು ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

ಮೊದಲು ನೋಡಬೇಕಾದದ್ದು: ಎಲ್ಲಿ ಸಿಕ್ಕಿಕೊಂಡಿದ್ದೀರಿ?

ಇತ್ತೀಚಿನ ಹತ್ತು ಪ್ರಾಜೆಕ್ಟ್ ತೆರೆದು ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. ಒಂದು ನಿಮಿಷವೂ ಆಗದೆ ನಿಂತಿದ್ದರೆ ತೊಂದರೆ ರಚನೆಯದು, ಹಂತ 3 ಮತ್ತು 4 ನಿಮಗೆ ಮುಖ್ಯ. ಮುಗಿದಿದೆ, ಆದರೆ ಬೇರೆ ಸ್ಪೀಕರಿನಲ್ಲಿ ಕೆಡುತ್ತದೆ ಎಂದಾದರೆ ಹಂತ 2 ಮತ್ತು 6. ಮುಗಿದಿದೆ, ಕೇಳಲೂ ಆಗುತ್ತದೆ, ಆದರೆ ಎಲ್ಲ ಟ್ರ್ಯಾಕೂ ಒಂದೇ ಥರ ಎನಿಸಿದರೆ ಹಂತ 5. ಹತ್ತರಲ್ಲಿ ಏಳಕ್ಕೆ ಒಂದೇ ಗುರುತು ಬಿದ್ದರೆ ಮೊದಲು ತಿದ್ದಬೇಕಾದ ಜಾಗ ಅದೇ.

ಹಂತ 1: ಸಾಮಾನು ಕಡಿಮೆ ಇರಲಿ

8 ಜಿಬಿ ರಾಮ್ ಮತ್ತು ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್, ವೈರ್ ಇರುವ ಒಂದು ಹೆಡ್‌ಫೋನ್, ಒಂದು ಸಂಗೀತ ಸಾಫ್ಟ್‌ವೇರ್, ಒಂದು ಸಿಂಥ್ (ಶಬ್ದ ಹುಟ್ಟಿಸುವ ಪ್ಲಗಿನ್). ಇಷ್ಟು ಸಾಕು. ಸಂಗೀತ ಸಾಫ್ಟ್‌ವೇರುಗಳಲ್ಲಿ ರೀಪರ್ ಅನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಎಲ್‌ಎಂಎಂಎಸ್ ಉಚಿತ. ಎಫ್‌ಎಲ್ ಸ್ಟುಡಿಯೋದ ಟ್ರಯಲ್‌ನಲ್ಲಿ ಸೇವ್ ಆಗುತ್ತದೆ, ಆದರೆ ಸೇವ್ ಮಾಡಿದ ಪ್ರಾಜೆಕ್ಟನ್ನು ಲೈಸೆನ್ಸ್ ಕೊಳ್ಳದೆ ಮತ್ತೆ ಸರಿಯಾಗಿ ತೆರೆಯಲಾಗದು. ಒಂದೇ ಕೂತಿನಲ್ಲಿ ಮುಗಿಸಲಾಗದವರು ಇದನ್ನು ಮೊದಲೇ ತಿಳಿದಿರಬೇಕು. ಸಿಂಥಿಗೆ ಸರ್ಜ್ ಎಕ್ಸ್‌ಟಿ ಅಥವಾ ವೈಟಲ್‌ನ ಉಚಿತ ಆವೃತ್ತಿ ವರ್ಷಗಟ್ಟಲೆ ಕಲಿಯುವಷ್ಟಿದೆ.

ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರಲ್ಲಿ ಶಬ್ದ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 128 ಬಿಪಿಎಂನಲ್ಲಿ (ನಿಮಿಷಕ್ಕೆ 128 ಬೀಟ್) ಹದಿನಾರನೇ ಒಂದು ನೋಟಿನ ಉದ್ದವೇ ಸುಮಾರು 117 ಮಿಲಿಸೆಕೆಂಡ್. ಅಂದರೆ ಕೀಬೋರ್ಡಿನಲ್ಲಿ ನುಡಿಸಿದ್ದು ಒಂದು ಇಡೀ ನೋಟ್ ಹಿಂದೆ ಬೀಳುತ್ತದೆ, ನೀವು ನಿಮ್ಮ ತಾಳಜ್ಞಾನವನ್ನು ದೂರುತ್ತಾ ಕೂರುತ್ತೀರಿ.

ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧಪಡಿಸುವ ಸ್ಯಾಂಪಲ್‌ಗಳ ಸಂಖ್ಯೆ) 128 ಅಥವಾ 256ರಲ್ಲಿ ಇರಲಿ. 44,100 ಸ್ಯಾಂಪಲ್ ರೇಟಿನಲ್ಲಿ 256 ಎಂದರೆ ಸುಮಾರು 5.8 ಮಿಲಿಸೆಕೆಂಡ್. ಮಿಕ್ಸ್ ಮಾಡುವಾಗ (ವಾದ್ಯಗಳನ್ನು ಒಂದಕ್ಕೊಂದು ಹೊಂದಿಸುವಾಗ) 1024ಕ್ಕೆ ಏರಿಸಿ. ಶಬ್ದ ಚಟಪಟ ಎಂದು ಒಡೆಯುತ್ತಿದ್ದರೆ ಅದು ಪ್ರೊಸೆಸರ್ ಉಸಿರುಗಟ್ಟಿದ ಲಕ್ಷಣ. ಬಫರ್ ಏರಿಸಿ, ಭಾರದ ಟ್ರ್ಯಾಕುಗಳನ್ನು ಆಡಿಯೋ ಆಗಿ ಫ್ರೀಜ್ ಮಾಡಿ.

ಹಂತ 2: ಕೇಳುವ ಜಾಗ ಸರಿಪಡಿಸಿ

ಕಿವಿಗೆ ಸುಳ್ಳು ತಲುಪುತ್ತಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ತಪ್ಪನ್ನೇ ಅಭ್ಯಾಸ ಮಾಡಿದಂತೆ. ಹಾಗಾಗಿ ಈ ಹಂತಕ್ಕೆ ಒಂದೆರಡು ದಿನ ಪೂರ್ತಿ ಕೊಡಿ.

ಸ್ಪೀಕರ್ ಇದ್ದರೆ ಕೋಣೆಯ ಅಳತೆ ತೆಗೆಯಿರಿ. ಹತ್ತು ಅಡಿ ಅಗಲದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ಶಬ್ದ ನಿಂತುಬಿಡುತ್ತದೆ. ಹನ್ನೆರಡು ಅಡಿ ಉದ್ದಕ್ಕೆ ಅದು 47 ಹರ್ಟ್ಸ್. ಎ ಸ್ವರದ ಕೆಳಗಿನ ಬೇಸ್ 55 ಹರ್ಟ್ಸಿನಲ್ಲಿದೆ. ಅಂಥ ಕೋಣೆಯಲ್ಲಿ ಗೋಡೆಗೆ ಒತ್ತಿ ಕೂತರೆ ಈ ಸ್ವರ ಗುಮ್ಮೆಂದು ಉಬ್ಬುತ್ತದೆ, ಸರಿಯಾಗಿ ಮಧ್ಯದಲ್ಲಿ ಕೂತರೆ ಮಾಯವಾಗುತ್ತದೆ. ತಪ್ಪು ಬೇಸಿನದಲ್ಲ, ಕುರ್ಚಿಯದು. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಮುಂದಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರಕ್ಕೆ ಕಿವಿ ಬರುವಂತೆ ಕೂತು ನೋಡಿ, ಅಲ್ಲಿಂದ ಅರ್ಧ ಅಡಿ ಆಚೀಚೆ ಸರಿದು ಬೇಸ್ ಸಮವಾಗಿ ಕೇಳುವ ಜಾಗ ಹಿಡಿಯಿರಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನವಾಗಬೇಕು.

ಟೈಲ್ಸ್ ನೆಲ, ಕಾಂಕ್ರೀಟ್ ಮೇಲ್ಛಾವಣಿಯ ಹೊಸ ಮನೆಗಳಲ್ಲಿ ಚಪ್ಪಾಳೆ ತಟ್ಟಿದರೆ ಟಿಂಯ್ ಎಂಬ ಬಾಲ ಕೇಳುತ್ತದೆ. ದಪ್ಪ ಹಾಸಿಗೆಯನ್ನು ಪಕ್ಕದ ಗೋಡೆಗೆ ಒರಗಿಸಿ, ಕೌದಿ ಅಥವಾ ಕಂಬಳಿಯನ್ನು ಗೋಡೆಯಿಂದ ನಾಲ್ಕೈದು ಇಂಚು ಬಿಟ್ಟು ತೂಗುಹಾಕಿ. ಇದರಿಂದ ಮೇಲಿನ ಕಂಪನಾಂಕಗಳ ಪ್ರತಿಧ್ವನಿ ತಗ್ಗುತ್ತದೆ, ಬೇಸಿಗೆ ಏನೂ ಆಗುವುದಿಲ್ಲ. ಮೊಟ್ಟೆಯ ಟ್ರೇ ಅಂಟಿಸುವುದು ದಂಡ. ಅದು ಹೊರಗಿನ ಶಬ್ದವನ್ನೂ ತಡೆಯುವುದಿಲ್ಲ, ಬೇಸನ್ನೂ ಹೀರುವುದಿಲ್ಲ.

ಮಳೆಗಾಲದ ಮಾತು ಬೇರೆಯೇ. ಹೆಂಚಿನ ಮಾಡು, ಅದಕ್ಕಿಂತ ಹೆಚ್ಚಾಗಿ ತಗಡಿನ ಶೀಟಿನ ಕೆಳಗೆ ಕೂತವರಿಗೆ ಮಳೆ ಎಂದರೆ ಎಲ್ಲ ಕಂಪನಾಂಕಗಳನ್ನೂ ಮುಚ್ಚುವ ಪರದೆ. ಮೊದಲು ಮುಚ್ಚಿಹೋಗುವುದು ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಮತ್ತು ರಿವರ್ಬಿನ (ಸೇರಿಸಿದ ಪ್ರತಿಧ್ವನಿಯ) ಬಾಲ. ಕೇಳಿಸುತ್ತಿಲ್ಲವೆಂದು ಅವನ್ನೇ ಏರಿಸುತ್ತೀರಿ. ಮಳೆ ನಿಂತ ಮೇಲೆ ಕೇಳಿದರೆ ಕಿವಿ ಚುಚ್ಚುತ್ತದೆ. ಜೀರುಂಡೆ ಜೋರಾಗಿ ಕೂಗುವ ಸಂಜೆಗಳಲ್ಲೂ ಇದೇ ಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಹಂಚಿಕೊಳ್ಳಿ: ಮಳೆ ಸುರಿಯುವಾಗ ರಚನೆ, ನೋಟ್ ಬರೆಯುವುದು, ಫೈಲ್ ಜೋಡಿಸುವುದು, ಮಳೆ ಬಿಟ್ಟಾಗ ಮಿಕ್ಸ್. ಆಗುಂಬೆ, ಹೊಸನಗರದ ಕಡೆ ದಿನಗಟ್ಟಲೆ ಬಿಡದೆ ಹೊಡೆಯುವಾಗ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದೇ ದಾರಿ. ಆದರೆ ಮಳೆ ಮೀರಿಸಲೆಂದು ವಾಲ್ಯೂಮ್ ಏರಿಸಬೇಡಿ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಕೇಳುವುದು ಮಿತಿ ಎಂದಿಟ್ಟುಕೊಂಡರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಕೆಲಸ ಮುಗಿಸಿದಾಗ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ ಆ ದಿನಕ್ಕೆ ನಿಲ್ಲಿಸಿ. ಹೋದ ಕಿವಿ ಮರಳಿ ಬರುವುದಿಲ್ಲ.

ಹೆಡ್‌ಫೋನಿನಲ್ಲಿ ಸಣ್ಣಗೆ ಗುಂಯ್ ಎಂಬ ಶಬ್ದ ಸದಾ ಇದೆಯೇ? ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಶಬ್ದ ನಿಂತರೆ ಅದು ಚಾರ್ಜರಿನಿಂದ ಅಥವಾ ಮನೆಯ ಅರ್ಥಿಂಗ್ ಸರಿಯಿಲ್ಲದ್ದರಿಂದ ಬರುವ 50 ಹರ್ಟ್ಸ್ ಮತ್ತು ಅದರ ಗುಣಕಗಳ ಹಮ್. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ತೋರಿಸಿ. ಅಲ್ಲಿಯವರೆಗೆ ರೆಕಾರ್ಡಿಂಗನ್ನು ಬ್ಯಾಟರಿಯಲ್ಲೇ ಮಾಡಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಶಾಕ್ ಹೊಡೆಯುತ್ತದೆ.

ಕರೆಂಟ್ ಹೋಗಿಬರುವ ಊರಿನಲ್ಲಿ ಆಟೋಸೇವ್ ಎರಡು ನಿಮಿಷಕ್ಕೆ ಇರಲಿ. ಗುಡುಗು ಶುರುವಾದರೆ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಸ್ಪೀಕರ್ ಎಲ್ಲದರ ಪ್ಲಗ್ ಕೀಳಿ. ಕಂಡೆನ್ಸರ್ ಮೈಕ್ ಇದ್ದರೆ ಬಳಸಿದ ಮೇಲೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ. ತೇವ ಹಿಡಿದ ಕ್ಯಾಪ್ಸೂಲ್ ಪಟಪಟ ಎನ್ನತೊಡಗುತ್ತದೆ, ಮೇಲೆ ಬೂಷ್ಟೂ ಬರುತ್ತದೆ.

ಹಂತ 3: ಒಂದು ಮಾದರಿ ಟ್ರ್ಯಾಕನ್ನು ಬಿಡಿಸಿ ನೋಡಿ

ನೀವು ಮಾಡಬೇಕೆಂದಿರುವ ಶೈಲಿಯ, ನೂರಾರು ಸಲ ಕೇಳಿದ ಒಂದು ಟ್ರ್ಯಾಕ್ ಆರಿಸಿಕೊಳ್ಳಿ. ವೇವ್ (ಕುಗ್ಗಿಸದ ಆಡಿಯೋ) ಅಥವಾ 320 ಕೆಬಿಪಿಎಸ್ ಫೈಲ್ ಇರಲಿ, ವಾಟ್ಸ್ಯಾಪಿನಲ್ಲಿ ಬಂದದ್ದು ಬೇಡ. ಅದನ್ನು ಪ್ರಾಜೆಕ್ಟಿಗೆ ಎಳೆದು, ಬಿಪಿಎಂ ಹೊಂದಿಸಿ, ಮೊದಲ ಕಿಕ್ ಸರಿಯಾಗಿ ಬಾರ್ ಗೆರೆಯ ಮೇಲೆ ಕೂರುವಂತೆ ಮಾಡಿ.

ಈಗ ಕೇಳುತ್ತಾ, ಏನಾದರೂ ಹೊಸದು ಬಂದಾಗಲೋ ಇದ್ದದ್ದು ನಿಂತಾಗಲೋ ಒಂದೊಂದು ಮಾರ್ಕರ್ ಹಾಕಿ. ಹೆಚ್ಚಿನ ಗುರುತುಗಳು 8 ಅಥವಾ 16 ಬಾರಿನ ಗಡಿಯಲ್ಲೇ ಬೀಳುವುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಕಾಗದದಲ್ಲಿ ಬರೆಯಿರಿ: ಯಾವ ಬಾರಿನಲ್ಲಿ ಏನು ಬಂತು, ಏನು ಹೋಯಿತು, ಒಂದೇ ಸಮಯದಲ್ಲಿ ಎಷ್ಟು ವಾದ್ಯ ಇವೆ. ಆರಂಭಿಗರಿಗೆ ಅಚ್ಚರಿ ತರುವುದು ಈ ಕೊನೆಯ ಎಣಿಕೆ. ಡ್ರಾಪಿನಲ್ಲೂ, ಅಂದರೆ ಟ್ರ್ಯಾಕಿನಲ್ಲಿ ಅತಿ ದೊಡ್ಡದಾಗಿ ಕೇಳುವ ಮುಖ್ಯ ಭಾಗದಲ್ಲೂ, ಐದಾರು ಭಾಗಗಳಷ್ಟೇ ಇರುವುದು ಸಾಮಾನ್ಯ, ನಿಮ್ಮ ಲೂಪಿನಲ್ಲಿ ಹದಿನೆಂಟು ಇರುತ್ತವೆ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದು. ಮಾಸ್ಟರ್ ಆದ (ಮಿಕ್ಸ್ ಆಗಿ ಕೊನೆಯ ಹದವೂ ಮುಗಿದ) ಟ್ರ್ಯಾಕ್ ನಿಮ್ಮ ಮಿಕ್ಸಿಗಿಂತ ಬಹಳ ಜೋರಾಗಿರುತ್ತದೆ, ಜೋರಾದದ್ದು ಕಿವಿಗೆ ಒಳ್ಳೆಯದೆನಿಸುತ್ತದೆ. ಹೋಲಿಸುವ ಮೊದಲು ಮಾದರಿಯನ್ನು 6ರಿಂದ 10 ಡಿಬಿ (ಡೆಸಿಬಲ್) ಇಳಿಸಿ, ಎರಡೂ ಒಂದೇ ಮಟ್ಟದಲ್ಲಿ ಕೇಳುವಂತೆ ಮಾಡಿಕೊಳ್ಳಿ. ನಿಮ್ಮ ಮಾಸ್ಟರ್ ಚಾನೆಲ್ಲಿನ (ಎಲ್ಲ ವಾದ್ಯಗಳೂ ಬಂದು ಸೇರುವ ಚಾನೆಲ್) ಲಿಮಿಟರ್, ಅಂದರೆ ಮಟ್ಟ ಮಿತಿ ಮೀರದಂತೆ ತಡೆಯುವ ಪ್ಲಗಿನ್, ಮೂಲಕ ಮಾದರಿ ಹಾದುಹೋಗದಂತೆಯೂ ನೋಡಿಕೊಳ್ಳಿ.

ಹಂತ 4: ಲೂಪಿನಿಂದ ಪೂರ್ತಿ ಟ್ರ್ಯಾಕಿಗೆ

ಹೆಚ್ಚಿನವರು ಸೋಲುವ ಜಾಗ ಇದು. ಎಂಟು ಬಾರನ್ನು ಇನ್ನೂರು ಸಲ ಕೇಳಿದ ಮೇಲೆ ಕಿವಿಗೆ ಅದೇ ಪೂರ್ಣವೆನಿಸಿ, ಏನು ಸೇರಿಸಿದರೂ ಹೆಚ್ಚಾದಂತೆ, ಏನು ತೆಗೆದರೂ ಖಾಲಿಯಾದಂತೆ ಕೇಳತೊಡಗುತ್ತದೆ. ಅದಕ್ಕೆ ಲೂಪ್ ಬೇಸರ ಬರುವ ಮೊದಲೇ, ಅಂದರೆ ಶುರುಮಾಡಿದ ಮೊದಲ ಒಂದೆರಡು ಗಂಟೆಯಲ್ಲೇ, ಟೈಮ್‌ಲೈನಿನಲ್ಲಿ ಹರಡಿಬಿಡಬೇಕು.

1. ಕಿಕ್, ಸ್ನೇರ್ ಅಥವಾ ಕ್ಲ್ಯಾಪ್, ಹೈ-ಹ್ಯಾಟ್, ಬೇಸ್, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು), ಮುಖ್ಯ ರಾಗ, ಒಂದು ಅಲಂಕಾರದ ಶಬ್ದ. ಈ ಏಳು ಇದ್ದರೆ ಲೂಪ್ ಆಯಿತು. ಎಂಟನೆಯದು ಬೇಡ.

2. ಆ ಎಂಟು ಬಾರನ್ನು 112 ಬಾರಿನವರೆಗೆ ಪ್ರತಿ ಮಾಡಿ. 128 ಬಿಪಿಎಂನಲ್ಲಿ 16 ಬಾರಿಗೆ 30 ಸೆಕೆಂಡ್, 112 ಬಾರಿಗೆ ಸರಿಯಾಗಿ ಮೂರೂವರೆ ನಿಮಿಷ. ಎಲ್ಲೆಡೆ ಎಲ್ಲವೂ ನುಡಿಯುತ್ತಿರುವ ಒಂದು ದೊಡ್ಡ ಗೋಡೆ ಸಿಗುತ್ತದೆ.

3. ಈಗ ಅಳಿಸುತ್ತಾ ಹೋಗಿ. ಮಾದರಿಯಿಂದ ತೆಗೆದ ನಕ್ಷೆ ಪಕ್ಕದಲ್ಲಿರಲಿ. ಅದಿಲ್ಲದವರು ಹೀಗೆ ಶುರುಮಾಡಬಹುದು: ಪ್ರವೇಶ 16 ಬಾರ್, ತಾಳ ಮತ್ತು ಬೇಸ್ 16, ಕಿಕ್ ಇಲ್ಲದ ಬ್ರೇಕ್‌ಡೌನ್ 16, ಡ್ರಾಪ್ 32, ಸಣ್ಣ ವಿರಾಮ 8, ಎರಡನೇ ಡ್ರಾಪ್ 16, ಮುಕ್ತಾಯ 8. ಸೇರಿಸುವುದಕ್ಕಿಂತ ಅಳಿಸುವುದು ಸುಲಭ, ತೀರ್ಮಾನಗಳು ಬೇಗ ಆಗುತ್ತವೆ.

4. ಪ್ರತಿ 8 ಬಾರಿಗೆ ಒಂದಾದರೂ ಬದಲಾವಣೆ ಇರಬೇಕು. ಹೈ-ಹ್ಯಾಟ್ ಒಂದು ಬಾರ್ ನಿಲ್ಲುವುದು, ಬೇಸಿನ ಕೊನೆಯ ಸ್ವರ ಬದಲಾಗುವುದು, ಫಿಲ್ಟರ್ ನಿಧಾನ ತೆರೆಯುವುದು, ಇಷ್ಟು ಸಾಕು. ಡ್ರಾಪಿನ ಹಿಂದಿನ ಅರ್ಧ ಬಾರಿನಲ್ಲಿ ಎಲ್ಲವನ್ನೂ ನಿಲ್ಲಿಸಿ ನೋಡಿ. ಡ್ರಾಪಿಗೆ ಬಲ ಕೊಡುವುದು ಅದರ ಹಿಂದಿನ ಖಾಲಿ ಜಾಗವೇ.

5. ಎರಡನೇ ಡ್ರಾಪಿಗೆ ಮಾತ್ರ ಹೊಸದೊಂದನ್ನು ಸೇರಿಸಿ. ಮೊದಲನೆಯದರ ನಕಲಾದರೆ ಕೇಳುಗ ಅಲ್ಲೇ ಬಿಟ್ಟುಹೋಗುತ್ತಾನೆ.

ಈ ಹಂತ ಮುಗಿಯುವವರೆಗೆ ಇಕ್ಯೂ, ಕಂಪ್ರೆಸರ್ (ಜೋರಾದ ಶಬ್ದವನ್ನು ತಗ್ಗಿಸುವ ಪ್ಲಗಿನ್) ತೆರೆಯಬೇಡಿ. ವಾಲ್ಯೂಮ್ ಫೇಡರ್ ಮಾತ್ರ ಮುಟ್ಟಬಹುದು. ಇದು ಕಠಿಣವೆನಿಸಬಹುದು, ಆದರೂ ಈ ಒಂದು ನಿಯಮಕ್ಕೆ ಬಿಗಿಯಾಗಿ ಅಂಟಿಕೊಳ್ಳಿ ಎಂದೇ ಹೇಳುತ್ತೇವೆ. ಅರ್ಧ ಟ್ರ್ಯಾಕಿಗೆ ಮಾಡಿದ ಮಿಕ್ಸ್ ಉಳಿದರ್ಧ ಬಂದ ಕೂಡಲೇ ಹೇಗೂ ಕೆಡುತ್ತದೆ.

ಎಚ್ಚರಿಕೆಯ ಲಕ್ಷಣ: ಒಂದು ಗಂಟೆ ಕಳೆದರೂ ಪ್ಲೇ ಗೆರೆ 16ನೇ ಬಾರ್ ದಾಟಿಲ್ಲ, ಕೈ ಪ್ರೀಸೆಟ್ ಬದಲಿಸುತ್ತಲೇ ಇದೆ. ಲೂಪ್ ಬಟನ್ ಆಫ್ ಮಾಡಿ, ಶುರುವಿನಿಂದ ಕೊನೆಯವರೆಗೆ ಒಮ್ಮೆ ಕೇಳಿ.

ಹಂತ 5: ಶಬ್ದ ತಯಾರಿಗೆ ಬೇರೆ ದಿನ

ಟ್ರ್ಯಾಕ್ ಕಟ್ಟುವ ಹೊತ್ತಿನಲ್ಲೇ ಶಬ್ದ ಹುಡುಕಲು ಹೊರಟರೆ ಎರಡೂ ಕೆಡುತ್ತವೆ. ವಾರದಲ್ಲಿ ಒಂದು ದಿನ ಶಬ್ದಕ್ಕೇ ಇಡಿ. ಸಿಂಥಿನ ಇನಿಷಿಯಲ್ ಪ್ಯಾಚ್ (ಏನೂ ತಿದ್ದದ ಮೂಲ ಶಬ್ದ) ತೆರೆದು, ಮಾದರಿ ಟ್ರ್ಯಾಕಿನ ಒಂದೇ ಶಬ್ದವನ್ನು ನಕಲು ಮಾಡಲು ಯತ್ನಿಸಿ. ಮೊದಲು ಅಲೆಯ ಆಕಾರ, ಆಮೇಲೆ ಫಿಲ್ಟರ್, ಆಮೇಲೆ ಎನ್ವಲಪ್ (ಶಬ್ದ ಏರಿ ಇಳಿಯುವ ರೀತಿ), ಕೊನೆಗೆ ಎಲ್‌ಎಫ್‌ಒ (ಶಬ್ದವನ್ನು ನಿಧಾನವಾಗಿ ತೂಗಿಸುವ ಅಲೆ). ನಲವತ್ತು ನಿಮಿಷದಲ್ಲಿ ಹತ್ತಿರ ಬಂದರೆ ಸಾಕು. ಹೆಸರು ಕೊಟ್ಟು ಸೇವ್ ಮಾಡಿ.

ಎಲ್ಲರೂ ಅದೇ ನಾಲ್ಕು ಸ್ಯಾಂಪಲ್ ಪ್ಯಾಕ್ ಬಳಸುವುದರಿಂದಲೇ ಟ್ರ್ಯಾಕುಗಳು ಒಂದೇ ಥರ ಕೇಳುವುದು. ನಿಮ್ಮ ಸುತ್ತಲಿನ ಶಬ್ದಕ್ಕೆ ಬೇರೆಯವರ ಬಳಿ ಬದಲಿ ಇಲ್ಲ. ಮಾಡಿನ ನೀರು ತಾಮ್ರದ ಹಂಡೆಗೆ ಬೀಳುವ ಶಬ್ದವನ್ನೇ ತೆಗೆದುಕೊಳ್ಳಿ. ಮಳೆ ನಿಂತು ಒಂದೊಂದೇ ಹನಿ ಉದುರುವ ಹೊತ್ತು ಸರಿ. ಫೋನಿನ ಮಾಮೂಲಿ ರೆಕಾರ್ಡರ್ ಬೇಡ, ಅದು ತಾನೇ ವಾಲ್ಯೂಮ್ ಏರಿಳಿಸುತ್ತದೆ, ಗದ್ದಲವೆಂದು ಶಬ್ದದ ಬಾಲವನ್ನೇ ಕತ್ತರಿಸುತ್ತದೆ. 48 ಕಿಲೋಹರ್ಟ್ಸ್ ವೇವ್ ಉಳಿಸುವ, ನಾಯ್ಸ್ ರಿಡಕ್ಷನ್ ಆಫ್ ಮಾಡಲು ಬರುವ ಆ್ಯಪ್ ಬಳಸಿ. ಅತಿ ಜೋರಾದ ಹನಿಯೂ ಮೀಟರಿನಲ್ಲಿ ಮೈನಸ್ 12 ಡಿಬಿ ದಾಟದಿರಲಿ. ಮೂರು ನಿಮಿಷ ಹಿಡಿಯಿರಿ.

ಆಮೇಲೆ ಚೆನ್ನಾದ ಐದು ಹನಿ ಕತ್ತರಿಸಿ. ಕತ್ತರಿಸಿದ ತುದಿಗಳಿಗೆ 5 ಮಿಲಿಸೆಕೆಂಡಿನ ಫೇಡ್ ಕೊಡಿ, ಇಲ್ಲವಾದರೆ ಟಿಕ್ ಎನ್ನುತ್ತದೆ. 120 ಹರ್ಟ್ಸಿನ ಕೆಳಗಿನದನ್ನು ಕತ್ತರಿಸುವ ಹೈ-ಪಾಸ್ ಫಿಲ್ಟರ್ ಹಾಕಿ. ಹಂಡೆಗೆ ಅದರದೇ ಶ್ರುತಿ ಇದೆ. ಟ್ಯೂನರ್ ಪ್ಲಗಿನ್ ಹಾಕಿ ಅದು ಯಾವ ಸ್ವರವೆಂದು ನೋಡಿ, ಟ್ರ್ಯಾಕಿನ ಶ್ರುತಿಗೆ ಎಳೆಯಿರಿ. ಐದನ್ನೂ ಸರದಿಯಲ್ಲಿ ನುಡಿಸಿದರೆ ಯಂತ್ರದ ಏಕತಾನ ತಪ್ಪುತ್ತದೆ. ಹಂಡೆಯಲ್ಲಿ ನೀರಿನ ಮಟ್ಟ ಏರಿದಂತೆ ನಾದ ಬದಲಾಗುತ್ತದೆ, ಅದನ್ನೂ ಬೇರೆ ಬೇರೆಯಾಗಿ ಹಿಡಿದಿಡಿ. ಅಡಿಕೆ ಸುಲಿಯುವ ಯಂತ್ರದ ಲಯಕ್ಕೂ ಇದೇ ವಿಧಾನ. ಡೊಳ್ಳು, ಚಂಡೆ ರೆಕಾರ್ಡ್ ಮಾಡುವಾಗ ಮೈಕ್ ಹತ್ತಿಪ್ಪತ್ತು ಅಡಿ ದೂರವಿರಲಿ, ಮತ್ತು ಕಲಾವಿದರ ಒಪ್ಪಿಗೆ ಪಡೆದು ಎಲ್ಲಿ ಬಳಸುತ್ತೀರೆಂದು ಮೊದಲೇ ಹೇಳಿ. ಅವರ ದುಡಿಮೆ ಅದು.

ಹಂತ 6: ಮಿಕ್ಸ್

ಎಲ್ಲ ಫೇಡರುಗಳನ್ನೂ ಕೆಳಗಿಳಿಸಿ. ಕಿಕ್ಕನ್ನು ಮೈನಸ್ 10 ಡಿಬಿ ಪೀಕಿಗೆ ತನ್ನಿ, ಆಮೇಲೆ ಬೇಸ್, ಸ್ನೇರ್, ಮುಖ್ಯ ರಾಗ, ಉಳಿದವು. ಎಲ್ಲ ಸೇರಿದಾಗ ಮಾಸ್ಟರ್ ಮೈನಸ್ 6ರ ಆಸುಪಾಸಿನಲ್ಲಿರಲಿ. ಮಿಕ್ಸಿನ ಮುಕ್ಕಾಲು ಪಾಲು ಇಲ್ಲೇ ಆಗಿಹೋಗುತ್ತದೆ.

ಕಿಕ್ ಮತ್ತು ಬೇಸ್ ಒಂದೇ ಜಾಗಕ್ಕೆ ಜಗಳವಾಡುವುದು ಗುಂಯ್‌ಗುಡುವ ಮಿಕ್ಸಿಗೆ ಮೊದಲ ಕಾರಣ. ಯಾರು ಕೆಳಗಿರಬೇಕೆಂದು ತೀರ್ಮಾನಿಸಿ. ಕಿಕ್ 50ರಿಂದ 60 ಹರ್ಟ್ಸಿನಲ್ಲಿ ಗುದ್ದಬೇಕಾದರೆ ಅದರ ಬಾಲವನ್ನು ಚಿಕ್ಕದಾಗಿಸಿ, ಬೇಸಿಗೆ ಸೈಡ್‌ಚೈನ್ ಕಂಪ್ರೆಸರ್ (ಕಿಕ್ ಬಂದಾಗಲೆಲ್ಲ ಬೇಸನ್ನು ತಗ್ಗಿಸುವುದು) ಹಾಕಿ: ಅನುಪಾತ 4:1, ಅಟ್ಯಾಕ್ (ತಗ್ಗಲು ಹಿಡಿಯುವ ಹೊತ್ತು) 1 ಮಿಲಿಸೆಕೆಂಡ್, ರಿಲೀಸ್ (ಮತ್ತೆ ಏಳಲು ಹಿಡಿಯುವ ಹೊತ್ತು) 100ರಿಂದ 150, ತಗ್ಗುವುದು 4ರಿಂದ 6 ಡಿಬಿ. ರಿಲೀಸ್ ಉದ್ದವಾದರೆ ಮುಂದಿನ ಕಿಕ್ ಬರುವವರೆಗೂ ಬೇಸ್ ಎದ್ದುಬರುವುದೇ ಇಲ್ಲ. 128 ಬಿಪಿಎಂನಲ್ಲಿ ಎರಡು ಕಿಕ್ಕುಗಳ ನಡುವೆ ಸಿಗುವುದು ಬರೀ 469 ಮಿಲಿಸೆಕೆಂಡ್. ಬೇರೆ ವೇಗಕ್ಕೆ 60,000ವನ್ನು ಬಿಪಿಎಂನಿಂದ ಭಾಗಿಸಿ.

ಕಾರ್ಡ್, ರಾಗ, ಅಲಂಕಾರಗಳಿಗೆ 100ರಿಂದ 150 ಹರ್ಟ್ಸಿನಲ್ಲಿ ಹೈ-ಪಾಸ್. ಇನ್ನೂ ಮಬ್ಬಾಗಿದ್ದರೆ 200ರಿಂದ 400ರ ನಡುವೆ ಯಾವ ವಾದ್ಯ ಹೆಚ್ಚು ತುಂಬಿದೆ ನೋಡಿ, ಅದನ್ನು 2–3 ಡಿಬಿ ತಗ್ಗಿಸಿ. ಎಲ್ಲದರಲ್ಲೂ ತಗ್ಗಿಸಿದರೆ ಮಿಕ್ಸ್ ತೆಳ್ಳಗಾಗುತ್ತದೆ. ರಿವರ್ಬನ್ನು ಪ್ರತಿ ಚಾನೆಲ್ಲಿಗೂ ಹಾಕದೆ ಒಂದೇ ಸೆಂಡಿನಲ್ಲಿಡಿ (ಎಲ್ಲ ವಾದ್ಯಗಳೂ ಹಂಚಿಕೊಳ್ಳುವ ಚಾನೆಲ್), ಅದರಲ್ಲಿ 300 ಹರ್ಟ್ಸಿಗಿಂತ ಕೆಳಗಿನದನ್ನು ಕತ್ತರಿಸಿ, ಪ್ರೀ-ಡಿಲೇ (ರಿವರ್ಬ್ ಶುರುವಾಗುವ ಮುನ್ನಿನ ತಡ) 20 ಮಿಲಿಸೆಕೆಂಡ್ ಕೊಡಿ.

ಈಗ ಎಡ-ಬಲದ ಶಬ್ದವನ್ನು ಒಂದಾಗಿಸುವ ಮೋನೋ ಬಟನ್ ಒತ್ತಿ. ರಾಗ ಮಾಯವಾದರೆ ಸ್ಟೀರಿಯೋ ಅಗಲಿಸುವ ಪ್ಲಗಿನ್ ಅತಿಯಾಗಿದೆ. ಗಣಪತಿ ಮೆರವಣಿಗೆಯ, ಮದುವೆ ಮಂಟಪದ ಸೌಂಡ್ ಸಿಸ್ಟಮ್ ಹಲವು ಕಡೆ ಮೋನೋದಲ್ಲೇ ನುಡಿಯುತ್ತದೆ, ಇದನ್ನು ಕಡೆಗಣಿಸಬೇಡಿ.

ಹಂತ 7: ನಾಲ್ಕು ಕಡೆ ಕೇಳಿಸಿ, ಆಮೇಲೆ ಎಕ್ಸ್‌ಪೋರ್ಟ್

ಫೋನಿನ ಸ್ಪೀಕರ್, ಅಗ್ಗದ ಬ್ಲೂಟೂತ್ ಸ್ಪೀಕರ್, ಕಾರು, ಸಾದಾ ಇಯರ್‌ಫೋನ್. ನಾಲ್ಕರಲ್ಲೂ ಕೇಳಿ ಕಾಗದದಲ್ಲಿ ಬರೆದುಕೊಳ್ಳಿ. ಕೇಳುತ್ತಾ ಕೇಳುತ್ತಾ ತಿದ್ದಲು ಓಡಬೇಡಿ. ಎರಡಕ್ಕಿಂತ ಹೆಚ್ಚು ಕಡೆ ಕಂಡ ತೊಂದರೆಯನ್ನಷ್ಟೇ ತಿದ್ದಿ. ಫೋನಿನಲ್ಲಿ ಬೇಸ್ ಕೇಳದಿದ್ದರೆ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ, ಆ ಪುಟ್ಟ ಸ್ಪೀಕರಿಗೆ 55 ಹರ್ಟ್ಸ್ ನುಡಿಸಲು ಆಗದು. ಬೇಸಿಗೆ ಸ್ವಲ್ಪ ಸ್ಯಾಚುರೇಶನ್ (ಹದವಾದ ಒಡಕು) ಕೊಟ್ಟರೆ 110, 165, 220 ಹರ್ಟ್ಸಿನ ಹಾರ್ಮೋನಿಕ್ಸ್ (55ರ ಗುಣಕಗಳು) ಹುಟ್ಟಿ, ಕಿವಿ ಅವುಗಳಿಂದಲೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ.

ಮಾಸ್ಟರಿನಲ್ಲಿ ಕೊನೆಗೆ ಒಂದು ಲಿಮಿಟರ್, ಅದರ ಸೀಲಿಂಗ್ (ಮೇಲ್ಮಿತಿ) ಮೈನಸ್ 1 ಡಿಬಿ. ಅದು 3 ಡಿಬಿಗಿಂತ ಹೆಚ್ಚು ತಗ್ಗಿಸುತ್ತಿದ್ದರೆ ಮಿಕ್ಸಿಗೆ ಹಿಂತಿರುಗಿ. ಹೆಚ್ಚಾಗಿ ಕಿಕ್ ಅಥವಾ ಸಬ್ ಅತಿಯಾಗಿರುತ್ತದೆ. ಸ್ಪಾಟಿಫೈ, ಯೂಟ್ಯೂಬ್‌ಗಳು ಬಹಳ ಜೋರಾದ ಟ್ರ್ಯಾಕನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರೆನಿಸುತ್ತದೆ ಎಂಬುದರ ಅಳತೆ) ಆಸುಪಾಸಿಗೆ ತಾವೇ ಇಳಿಸುತ್ತವೆ. ಹಾಗಿರುವಾಗ ಲಿಮಿಟರಿನಲ್ಲಿ ಹಿಂಡಿ ಸತ್ವ ಕಳೆಯುವುದೇಕೆ?

24 ಬಿಟ್ ವೇವ್ ಒಂದು, ಕೇಳಿಸಲು ಎಂಪಿ3 ಒಂದು ತೆಗೆಯಿರಿ.

ಹಂತ 8: ಮುಗಿದ ಮೇಲೆ

ಅಭಿಪ್ರಾಯ ಕೇಳುವಾಗ "ಹೇಗಿದೆ?" ಎಂದು ಕೇಳಿದರೆ "ಸೂಪರ್" ಎಂಬ ಉತ್ತರ ಬರುತ್ತದೆ, ಅದರಿಂದ ಕಲಿಯಲು ಏನೂ ಇಲ್ಲ. "ಎಲ್ಲಿ ಬೇಸರ ಬಂತು, ನಿಮಿಷ ಹೇಳಿ" ಎಂದು ಕೇಳಿ. ಸಂಗೀತ ಮಾಡದ ಇಬ್ಬರು, ಮಾಡುವ ಒಬ್ಬರು ಸಾಕು. ಮೂವರಲ್ಲಿ ಇಬ್ಬರು ಒಂದೇ ಜಾಗ ತೋರಿಸಿದರೆ ಅದು ನಿಜವಾದ ತೊಂದರೆ.

ಆದರೂ ಮುಗಿದ ಟ್ರ್ಯಾಕನ್ನು ಮತ್ತೆ ಮತ್ತೆ ತೆರೆಯಬೇಡಿ. ಕಂಡ ತಪ್ಪುಗಳಲ್ಲಿ ಒಂದನ್ನು, ಒಂದನ್ನೇ, ಮುಂದಿನ ಟ್ರ್ಯಾಕಿನ ಗುರಿಯಾಗಿ ಬರೆದಿಟ್ಟುಕೊಳ್ಳಿ: "ಈ ಸಲ ಕಿಕ್–ಬೇಸ್ ಜಗಳ", "ಈ ಸಲ ಎರಡನೇ ಡ್ರಾಪ್". ಒಂದು ಟ್ರ್ಯಾಕಿಗೆ ಎರಡು ವಾರದ ಗಡುವು ಹಾಕಿಕೊಳ್ಳಿ, ಮುಗಿಯದಿದ್ದರೂ ಇದ್ದಂತೆಯೇ ಎಕ್ಸ್‌ಪೋರ್ಟ್ ಮಾಡಿ ಮುಂದಕ್ಕೆ ಹೋಗಿ. ಒಂದೇ ಟ್ರ್ಯಾಕನ್ನು ಆರು ತಿಂಗಳು ತಿದ್ದಿದವರಿಗಿಂತ ಆ ಆರು ತಿಂಗಳಲ್ಲಿ ಹನ್ನೆರಡು ಮುಗಿಸಿದವರ ಕಿವಿ ಬೇಗ ಪಳಗುತ್ತದೆ.

ಪ್ರಾಜೆಕ್ಟ್ ಮುಚ್ಚುವ ಮೊದಲು ಪ್ರತಿ ವಾದ್ಯವನ್ನೂ ಬೇರೆ ಬೇರೆ ವೇವ್ ಆಗಿ, ಎಲ್ಲವೂ ಮೊದಲ ಬಾರಿನಿಂದಲೇ ಶುರುವಾಗುವಂತೆ ತೆಗೆದಿಡಿ. ಪ್ಲಗಿನ್ ಬದಲಾದರೂ, ಲ್ಯಾಪ್‌ಟಾಪ್ ಕೈಕೊಟ್ಟರೂ ಅವು ತೆರೆಯುತ್ತವೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಎಕ್ಸ್‌ಟರ್ನಲ್ ಡ್ರೈವಿನಲ್ಲಿ, ಇನ್ನೊಂದು ಕ್ಲೌಡಿನಲ್ಲಿ. ನೆಟ್ ನಿಧಾನವಿರುವ ಹಳ್ಳಿಯವರು ವೇವ್ ಬದಲು ಫ್ಲ್ಯಾಕ್ ಮಾಡಿ ಕಳಿಸಿ. ಗುಣಮಟ್ಟ ಸ್ವಲ್ಪವೂ ಕೆಡದೆ ಗಾತ್ರ ಬಹಳಷ್ಟು ಇಳಿಯುತ್ತದೆ. ಫೈಲಿನ ಹೆಸರಿನಲ್ಲೇ ಬಿಪಿಎಂ ಮತ್ತು ಶ್ರುತಿ ಬರೆಯಿರಿ. ಮುಂದೊಂದು ದಿನ ಅದೇ ಹಂಡೆಯ ಹನಿ ಇನ್ನೊಂದು ಟ್ರ್ಯಾಕಿಗೆ ಬೇಕಾದಾಗ ಹುಡುಕುವ ಕೆಲಸ ತಪ್ಪುತ್ತದೆ.